ಮ್ಯಾಟ್ ಪಿಚ್ ಹೋಯ್ತು, ಸ್ಲೋ ಮೋಷನ್ ಬಂತು: ನಮ್ಮ ಕಡೆ ಬೌಲಿಂಗ್ ಎಷ್ಟು ಬದಲಾಗಿದೆ?

ನವುಲೆ ಎಂಡ್ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಬ್ಯಾಟಿಂಗ್ ಬಗ್ಗೆ ಎಷ್ಟು ಮಾತಾಡಿದರೂ ನಮಗೆ ಸಾಕಾಗುವುದಿಲ್ಲ. ಜಿ.ಆರ್. ವಿಶ್ವನಾಥ್ ಹುಟ್ಟಿದ ಊರು ಭದ್ರಾವತಿ ಅಂದಮೇಲೆ ಅದು ಸಹಜವೇ. ಆದರೆ ಕರ್ನಾಟಕದ ಕ್ರಿಕೆಟ್‌ಗೆ ಹೆಸರು ತಂದವರನ್ನು ಲೆಕ್ಕ ಹಾಕಿದರೆ ಬೌಲರ್‌ಗಳೇ ಜಾಸ್ತಿ ಸಿಗುತ್ತಾರೆ. ಪ್ರಸನ್ನ, ಚಂದ್ರಶೇಖರ್, ಶ್ರೀನಾಥ್, ವೆಂಕಟೇಶ್ ಪ್ರಸಾದ್, ಕುಂಬ್ಳೆ. ಪಕ್ಕದ ದಾವಣಗೆರೆಯ ವಿನಯ್ ಕುಮಾರ್ ನಾಯಕನಾಗಿ 2013-14 ಮತ್ತು 2014-15ರಲ್ಲಿ ಎರಡು ಸಲ ರಣಜಿ ಟ್ರೋಫಿ ಗೆದ್ದುಕೊಟ್ಟರು. ಹಾಗಾಗಿ ಬೌಲಿಂಗ್‌ಗಂತಲೇ ಒಂದು ಚರ್ಚೆ ಇರಲಿ ಅನಿಸಿತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಳೆದ ಐವತ್ತು ವರ್ಷದಲ್ಲಿ ಆಟಕ್ಕೆ ಬಂದ ಹೊಸ ಸಾಮಾನಿನಲ್ಲಿ ಹೆಚ್ಚಿನ ಪಾಲು ಬ್ಯಾಟರ್ ಕೈಗೇ ಹೋಗಿದೆ. 1970ರ ದಶಕದ ಕೊನೆಗೆ ಹೆಲ್ಮೆಟ್ ಬಂತು, ಬೌನ್ಸರ್‌ನ ಅರ್ಧ ಭಯ ಹೋಯಿತು. ಪಿಚ್‌ಗೆ ಹೊದಿಕೆ ಬಂತು, ಮಳೆ ಬಿದ್ದ ಪಿಚ್‌ನಲ್ಲಿ ಬೌಲರ್‌ಗೆ ಸಿಗುತ್ತಿದ್ದ ಲಾಭ ಹೋಯಿತು. ಬ್ಯಾಟಿನ ಅಂಚು ಎಷ್ಟು ದಪ್ಪ ಆಯಿತು ಅಂದರೆ 2017ರಲ್ಲಿ ಆಟದ ಕಾನೂನು ಬರೆಯುವ ಎಂಸಿಸಿ ಕ್ಲಬ್ ನಿಯಮವನ್ನೇ ತರಬೇಕಾಯಿತು. ಅಂಚು 40 ಮಿಲಿಮೀಟರ್, ದಪ್ಪ 67 ಮಿಲಿಮೀಟರ್, ಅದಕ್ಕಿಂತ ಜಾಸ್ತಿ ಇರಬಾರದು. ಬೌಲರ್ ಕೈಯಲ್ಲಿರುವ ಚೆಂಡು ಮಾತ್ರ ಇವತ್ತಿಗೂ ಸುಮಾರು 156ರಿಂದ 163 ಗ್ರಾಂ. ಒಳಗೆ ಕಾರ್ಕ್, ಅದರ ಸುತ್ತ ದಾರ, ಮೇಲೆ ಚರ್ಮ, ನಡುವೆ ಆರು ಸಾಲು ಹೊಲಿಗೆ.

ಹಾಗಿದ್ದರೂ ಬೌಲರ್‌ಗಳು ಉಳಿದುಕೊಂಡರು. ಹೇಗೆ? ಮ್ಯಾಟ್ ಮೇಲೆ ಆಡಿದವರು, ಟೆನಿಸ್ ಬಾಲ್ ಟೂರ್ನಿಯವರು, ಈಗ ನೆಟ್ಸ್‌ಗೆ ಹೋಗುವವರು, ಎಲ್ಲರೂ ನಿಮ್ಮ ಅನುಭವ ಬರೆಯಿರಿ.

ಪೇಪರ್‌ಟೌನ್ ಹಿರಿಯ (ಭದ್ರಾವತಿ)

ಒಳ್ಳೆ ವಿಷಯ ಎತ್ತಿದ್ದೀರಿ. ಮ್ಯಾಟ್ ಬಗ್ಗೆ ನಾನು ಬರೆಯುತ್ತೇನೆ. ಈಗಿನ ಹುಡುಗರಲ್ಲಿ ತುಂಬಾ ಜನ ಅದನ್ನು ನೋಡಿಯೇ ಇಲ್ಲ.

ನಾವು ಆಡುತ್ತಿದ್ದಿದ್ದು ತೆಂಗಿನ ನಾರಿನ ಮ್ಯಾಟ್ ಮೇಲೆ. ಕೆಳಗೆ ಕೆಂಪು ಮಣ್ಣು. ಬೆಳಿಗ್ಗೆ ಬೇಗ ಹೋಗಿ ಮಣ್ಣಿಗೆ ನೀರು ಚಿಮುಕಿಸಿ, ರೋಲರ್ ಎಳೆದು, ಸುರುಳಿ ಬಿಚ್ಚಿ ಹಾಸಬೇಕು. ಸುತ್ತ ಕಬ್ಬಿಣದ ಮೊಳೆ ಹೊಡೆಯಬೇಕು. ಆಟದ ಅರ್ಧ ಅಲ್ಲೇ ತೀರ್ಮಾನ ಆಗುತ್ತಿತ್ತು. ಮಂಚದ ನವಾರು ಬಿಗಿದ ಹಾಗೆ ಬಿಗಿದರೆ ಚೆಂಡು ಚಿಮ್ಮಿ ಎದೆಗೆ ಬರುತ್ತಿತ್ತು, ವೇಗದವರಿಗೆ ಹಬ್ಬ. ಸ್ವಲ್ಪ ಸಡಿಲ ಬಿಟ್ಟರೆ ಚೆಂಡು ನಾರಿಗೆ ಕಚ್ಚಿಕೊಂಡು ತಿರುಗುತ್ತಿತ್ತು, ಸ್ಪಿನ್ನರ್‌ಗೆ ಹಬ್ಬ. ಮೊಳೆ ಹೊಡೆಯುವಾಗ ಎರಡೂ ತಂಡದ ಕ್ಯಾಪ್ಟನ್‌ಗಳು ಪಕ್ಕದಲ್ಲೇ ನಿಂತಿರುತ್ತಿದ್ದರು. ಮಧ್ಯಾಹ್ನದ ಬಿಸಿಲಿಗೆ ಮ್ಯಾಟ್ ಹಿಗ್ಗಿದರೆ ಮತ್ತೆ ಎಳೆದು ಬಿಗಿಯುವುದು, ಅದಕ್ಕೊಂದು ವಾದ.

ಸ್ಪೈಕ್ಸ್ ಹಾಕುವ ಹಾಗಿಲ್ಲ, ಮ್ಯಾಟ್ ಹರಿಯುತ್ತದೆ. ಬಿಳಿ ಕ್ಯಾನ್ವಾಸ್ ಶೂ, ಕೆಳಗೆ ರಬ್ಬರ್. ಓಡಿ ಬರುವುದು ಮಣ್ಣಿನ ಮೇಲೆ, ಕಾಲಿಡುವುದು ಮ್ಯಾಟಿನ ಅಂಚಿನಲ್ಲಿ. ಜಾರಿದರೆ ಕಣಕಾಲು ಹೋಯಿತು. ಹಾಗಾಗಿ ಓಟ ಚಿಕ್ಕದಾಗಿ, ಅಳತೆಯಲ್ಲಿ ಇರುತ್ತಿತ್ತು. ಮ್ಯಾಟ್ ಎರಡು ವಿಷಯ ಕಲಿಸುತ್ತಿತ್ತು. ಒಂದು, ಲೆಂಗ್ತ್, ಅಂದರೆ ಚೆಂಡನ್ನು ಬ್ಯಾಟರ್‌ನಿಂದ ಎಷ್ಟು ದೂರದಲ್ಲಿ ಬೀಳಿಸಬೇಕು ಅನ್ನುವುದು. ಬೌನ್ಸ್ ನಂಬಿಕಸ್ತವಾಗಿದ್ದರಿಂದ ಒಂದು ಅಡಿ ಹಿಂದೆ ಬಿದ್ದರೂ ಕಟ್ ಹೊಡೆಸಿಕೊಳ್ಳುತ್ತಿದ್ದೆವು. ಇನ್ನೊಂದು, ಕೈಯನ್ನು ಎತ್ತರದಿಂದ ಇಳಿಸುವುದು. ಕುಂಬ್ಳೆ ಅವರ ಚೆಂಡು ತಿರುಗುವುದಕ್ಕಿಂತ ಎಗರುವುದೇ ಜಾಸ್ತಿ ಇತ್ತಲ್ಲ, ಅದು ನಮ್ಮ ರಾಜ್ಯದ ಮ್ಯಾಟಿನ ಗುಣ ಅಂತ ನಾನು ಈಗಲೂ ನಂಬಿದ್ದೇನೆ.

ಹೊನಲು ಬೆಳಕು (ಹೊಸನಗರ)

ಹಿರಿಯರಿಗೆ ನಮಸ್ಕಾರ. ಆದರೆ ಮಲೆನಾಡಿನಲ್ಲಿ ಲೆದರ್ ಬಾಲ್ ಮುಟ್ಟಿದವರು ಎಷ್ಟು ಜನ ಸರ್? ನಮ್ಮ ಕಡೆ ಕ್ರಿಕೆಟ್ ಅಂದರೆ ಟೆನಿಸ್ ಬಾಲ್. ಡಿಸೆಂಬರ್ ಬಂತು ಅಂದರೆ ಗದ್ದೆ ಕೊಯ್ಲು ಮುಗಿದಿರುತ್ತದೆ. ಅದೇ ಗದ್ದೆಯಲ್ಲಿ ಲೈಟ್ ಕಟ್ಟಿ ರಾತ್ರಿಯಿಡೀ ಟೂರ್ನಿ. ನಾನು ಅಲ್ಲಿ ಬೌಲಿಂಗ್ ಮಾಡುವವನು.

ಅಲ್ಲೂ ಸಾಮಾನು ಬದಲಾಗಿದೆ. ಮೊದಲು ಹಗುರ ಬಾಲ್, ಈಗ ಹಾರ್ಡ್ ಟೆನಿಸ್. ಮೊದಲು ಊರಿನ ಬಡಗಿ ಮಾಡಿಕೊಟ್ಟ ಬ್ಯಾಟ್, ಈಗ ಹಿಂಭಾಗ ಕೆತ್ತಿ ತೂಕ ಇಳಿಸಿದ ಸ್ಕೂಪ್ ಬ್ಯಾಟ್. ಅದು ಎಷ್ಟು ಹಗುರ ಅಂದರೆ ಕೊನೇ ಕ್ಷಣದಲ್ಲೂ ಬೀಸಬಹುದು. ಬೌಂಡರಿ ಹತ್ತಿರ. ಬಾಲಿನಲ್ಲಿ ಹೊಲಿಗೆ ಇಲ್ಲ, ಸ್ವಿಂಗ್ (ಗಾಳಿಯಲ್ಲಿ ಪಕ್ಕಕ್ಕೆ ವಾಲುವುದು) ಇಲ್ಲ. ಇಬ್ಬನಿ ಬಿದ್ದಮೇಲೆ ಬಾಲ್ ಒದ್ದೆ ಸ್ಪಂಜು. ಉಳಿಯುವುದು ಎರಡೇ ದಾರಿ. ಬ್ಯಾಟರ್ ಕಾಲಬುಡಕ್ಕೆ ಯಾರ್ಕರ್ ಹಾಕಬೇಕು, ಇಲ್ಲಾಂದ್ರೆ ಕೈವೇಗ ಬದಲಿಸದೆ ನಿಧಾನದ ಎಸೆತ ಹಾಕಬೇಕು.

ಇದನ್ನು ಕೀಳಾಗಿ ನೋಡಬೇಡಿ. ನಟರಾಜನ್ ತಮಿಳುನಾಡಿನ ಹಳ್ಳಿಯಲ್ಲಿ ಟೆನಿಸ್ ಬಾಲ್ ಆಡುತ್ತಲೇ ಯಾರ್ಕರ್ ಕಲಿತು ಭಾರತ ತಂಡಕ್ಕೆ ಬಂದರು. ಬುಮ್ರಾ ಚಿಕ್ಕವರಿದ್ದಾಗ ಮನೆಯೊಳಗೆ ಸದ್ದಾಗಬಾರದು ಅಂತ ಗೋಡೆ ಮತ್ತು ನೆಲ ಸೇರುವ ಜಾಗಕ್ಕೇ ಬಾಲ್ ಹಾಕುತ್ತಿದ್ದರಂತೆ. ಯಾವ ಮ್ಯಾಟ್, ಯಾವ ಟರ್ಫ್ (ಹುಲ್ಲು-ಮಣ್ಣಿನ ಪಿಚ್) ಇತ್ತು ಅಲ್ಲಿ?

ಸಾಗರ ಸೀಮರ್

ಹೊನಲು ಬೆಳಕು ಅವರ ಮಾತು ಒಪ್ಪುತ್ತೇನೆ. ನಾನೂ ಶುರು ಮಾಡಿದ್ದು ಅಡಿಕೆ ಅಂಗಳದಲ್ಲಿ. ಕೊಯ್ಲು ಶುರುವಾದರೆ ಅಂಗಳದ ತುಂಬ ಅಡಿಕೆ, ಆಟ ಬಂದ್.

ಆದರೆ ಒಂದು ಮಾತು. ಟೆನಿಸ್ ಬಾಲ್‌ನಿಂದ ಲೆದರ್‌ಗೆ ಬಂದಾಗ ನನಗೆ ಕಷ್ಟ ಆಗಿದ್ದು ವೇಗ ಅಲ್ಲ, ಮಣಿಕಟ್ಟು. ಟೆನಿಸ್ ಬಾಲನ್ನು ಅಂಗೈ ತುಂಬ ಹಿಡಿದು ಎಸೆಯುತ್ತೇವೆ. ಲೆದರ್ ಬಾಲನ್ನು ಎರಡು ಬೆರಳು ಮತ್ತು ಹೆಬ್ಬೆರಳಿನಲ್ಲಿ, ಹೊಲಿಗೆ ನೆಟ್ಟಗೆ ನಿಲ್ಲುವ ಹಾಗೆ ಹಿಡಿಯಬೇಕು. ಬಿಡುವಾಗ ಮಣಿಕಟ್ಟು ಬೆರಳಿನ ಹಿಂದೆಯೇ ಇರಬೇಕು. ಈ ಅಭ್ಯಾಸಕ್ಕೆ ಹದಿನೆಂಟು ವಯಸ್ಸು ತಡ. ಹನ್ನೆರಡಕ್ಕೇ ಕೈಗೆ ಲೆದರ್ ಬಾಲ್ ಬರಬೇಕು. ನಮ್ಮ ತಾಲೂಕುಗಳಲ್ಲಿ ಅದು ಬರುತ್ತಿಲ್ಲ.

ಮಂಜಿನ ಮೇಷ್ಟ್ರು (ತೀರ್ಥಹಳ್ಳಿ)

ನಾನು ಫಿಸಿಕ್ಸ್ ಪಾಠ ಮಾಡುವವನು, ಹಾಗಾಗಿ ಸ್ವಿಂಗ್ ಬಗ್ಗೆ ಸ್ವಲ್ಪ.

ಚೆಂಡಿನ ಹೊಲಿಗೆ ಸ್ವಲ್ಪ ಓರೆಯಾಗಿ ಹೋದಾಗ, ಹೊಲಿಗೆ ಇರುವ ಬದಿಯಲ್ಲಿ ಗಾಳಿ ಕದಡುತ್ತದೆ. ಕದಡಿದ ಗಾಳಿ ಚೆಂಡಿಗೆ ಹೆಚ್ಚು ಹೊತ್ತು ಅಂಟಿಕೊಂಡು ಹಿಂದಿನವರೆಗೂ ಹೋಗುತ್ತದೆ. ನುಣುಪು ಬದಿಯ ಗಾಳಿ ಬೇಗ ಬಿಟ್ಟುಕೊಳ್ಳುತ್ತದೆ. ಎರಡೂ ಬದಿಯ ಒತ್ತಡ ಬೇರೆ ಆಗಿ ಚೆಂಡು ಹೊಲಿಗೆ ತೋರಿದ ಕಡೆಗೆ ವಾಲುತ್ತದೆ. ಹಳೇ ಚೆಂಡಿನ ಒಂದು ಬದಿ ಒರಟಾಗಿ, ವೇಗವೂ ಸಾಕಷ್ಟು ಇದ್ದರೆ ಇದು ಉಲ್ಟಾ ಆಗುತ್ತದೆ. ಅದೇ ರಿವರ್ಸ್ ಸ್ವಿಂಗ್. ಪಾಕಿಸ್ತಾನದ ಸರ್ಫರಾಜ್ ನವಾಜ್, ಇಮ್ರಾನ್, ವಾಸಿಂ, ವಕಾರ್ ಕೈಯಲ್ಲಿ ಅದು ದೊಡ್ಡ ಆಯುಧ ಆಯಿತು.

ನಮ್ಮ ಕಡೆ ಎಲ್ಲರೂ ಒಂದು ಮಾತು ಹೇಳುತ್ತಾರೆ: ಮೋಡ ಕವಿದರೆ, ಮಂಜು ಇದ್ದರೆ ಚೆಂಡು ಜಾಸ್ತಿ ಸ್ವಿಂಗ್ ಆಗುತ್ತದೆ. ನಾಸಾದ ವಿಜ್ಞಾನಿ ರಬಿ ಮೆಹ್ತಾ ಕ್ರಿಕೆಟ್ ಚೆಂಡನ್ನು ಗಾಳಿ ಸುರಂಗದಲ್ಲಿಟ್ಟು ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಗಾಳಿಯ ತೇವದಿಂದಲೇ ಸ್ವಿಂಗ್ ಹೆಚ್ಚುತ್ತದೆ ಅನ್ನುವುದಕ್ಕೆ ಅಂಥ ಪರೀಕ್ಷೆಗಳಲ್ಲಿ ಗಟ್ಟಿ ಪುರಾವೆ ಸಿಕ್ಕಿಲ್ಲ.

ಸಾಗರ ಸೀಮರ್

ಮೇಷ್ಟ್ರೇ, ಕ್ಷಮಿಸಿ, ಇದನ್ನು ಒಪ್ಪುವುದಕ್ಕೆ ಆಗುವುದಿಲ್ಲ. ನವೆಂಬರ್ ಬೆಳಿಗ್ಗೆ ಒಂಬತ್ತಕ್ಕೆ ಹಾಕಿದ ಔಟ್‌ಸ್ವಿಂಗರ್ ಹನ್ನೆರಡು ಗಂಟೆಗೆ ಬರುವುದೇ ಇಲ್ಲ. ಇದು ಪ್ರತಿ ಬೌಲರ್‌ಗೂ ಗೊತ್ತು.

ಮಂಜಿನ ಮೇಷ್ಟ್ರು (ತೀರ್ಥಹಳ್ಳಿ)

ಸ್ವಿಂಗ್ ಬರುತ್ತದೆ ಅನ್ನುವುದನ್ನು ನಾನು ಅಲ್ಲಗಳೆಯುತ್ತಿಲ್ಲ. ಕಾರಣ ಬೇರೆ ಇರಬಹುದು ಅಂತಿದ್ದೇನೆ. ಒಂಬತ್ತು ಗಂಟೆಗೆ ಚೆಂಡು ಹೊಸದು, ಮೆರುಗು ಇದೆ, ಹೊಲಿಗೆ ಎದ್ದು ನಿಂತಿದೆ. ಬಿಸಿಲಿಲ್ಲದಾಗ ನೆಲದಿಂದ ಬಿಸಿಗಾಳಿ ಏಳುವುದಿಲ್ಲ, ಗಾಳಿ ಸ್ತಬ್ಧವಾಗಿರುತ್ತದೆ, ಅದೂ ಸ್ವಿಂಗ್‌ಗೆ ಅನುಕೂಲ ಅನ್ನುವವರಿದ್ದಾರೆ. ಪರೀಕ್ಷೆ ಮಾಡಬೇಕು ಅಂದರೆ ಒಂದೇ ಸಮ ಹಳತಾದ ಎರಡು ಚೆಂಡು ತನ್ನಿ. ಮಂಜಿನಲ್ಲಿ ಒಂದು, ಮಂಜು ಕರಗಿದ ಮೇಲೆ ಒಂದು. ನಾನೇ ವಿಡಿಯೋ ಮಾಡುತ್ತೇನೆ.

ನವುಲೆ ಎಂಡ್ (ಶಿವಮೊಗ್ಗ)

ಇದು ಆಗಲೇಬೇಕು. ಮೇಷ್ಟ್ರು ದಿನ ಹೇಳಲಿ.

ಚೆಂಡಿನ ವಿಷಯ ಬಂತಲ್ಲ, ಸ್ವಲ್ಪ ಸೇರಿಸುತ್ತೇನೆ. ತೂಕ ಅದೇ ಇದ್ದರೂ ಎಲ್ಲ ಚೆಂಡೂ ಒಂದಲ್ಲ. ನಮ್ಮ ದೇಶದಲ್ಲಿ ಟೆಸ್ಟ್ ಮತ್ತು ರಣಜಿಗೆ ಎಸ್‌ಜಿ ಕಂಪನಿಯ ಚೆಂಡು ಬಳಸುತ್ತಾರೆ. ಆರೂ ಸಾಲು ಕೈಹೊಲಿಗೆ, ಬೆರಳಿಗೆ ಚೆನ್ನಾಗಿ ಸಿಗುತ್ತದೆ. ಇಂಗ್ಲೆಂಡಿನ ಡ್ಯೂಕ್ಸ್ ಕೂಡ ಕೈಹೊಲಿಗೆಯದೇ. ಆಸ್ಟ್ರೇಲಿಯಾದ ಕೂಕಬುರಾದಲ್ಲಿ ನಡುವಿನ ಎರಡು ಸಾಲು ಮಾತ್ರ ಕೈಯದು, ಉಳಿದದ್ದು ಯಂತ್ರದ್ದು, ಹಾಗಾಗಿ ಹೊಲಿಗೆ ಬೇಗ ಮಲಗುತ್ತದೆ. ನಮ್ಮ ಸ್ಪಿನ್ನರ್‌ಗಳು ಹೊರದೇಶಕ್ಕೆ ಹೋದಾಗ ಪರದಾಡುವುದಕ್ಕೆ ಪಿಚ್ ಒಂದೇ ಕಾರಣ ಅಲ್ಲ.

ನಿಯಮಗಳೂ ಚೆಂಡನ್ನು ಬದಲಿಸಿವೆ. 2011ರಲ್ಲಿ ಏಕದಿನ ಪಂದ್ಯಕ್ಕೆ ಎರಡೂ ತುದಿಯಿಂದ ಒಂದೊಂದು ಹೊಸ ಚೆಂಡು ಬಂತು. ಒಂದು ಚೆಂಡು 25 ಓವರ್‌ಗಿಂತ ಹಳತಾಗುವುದೇ ಇಲ್ಲ ಅಂದಮೇಲೆ ರಿವರ್ಸ್ ಸ್ವಿಂಗ್ ಎಲ್ಲಿಂದ ಬರಬೇಕು? ಆ ಕಲೆಯನ್ನು ಹದಿನಾಲ್ಕು ವರ್ಷ ಏಕದಿನದಿಂದ ಹೊರಗಿಟ್ಟರು. ನನಗೆ ಇದು ಈಗಲೂ ಬೇಸರದ ವಿಷಯ. 2025ರಲ್ಲಿ 35ನೇ ಓವರ್‌ನಿಂದ ಒಂದೇ ಚೆಂಡು ಅಂತ ಬದಲಿಸಿದ್ದಾರೆ, ಅಷ್ಟಾದರೂ ಆಯಿತು. ಇನ್ನು ಚೆಂಡಿಗೆ ಮೆರುಗು ಬರಲು ಹಚ್ಚುವ ಎಂಜಲು. ಕೊರೊನಾ ಕಾಲದಲ್ಲಿ, 2020ರಲ್ಲಿ ಹಚ್ಚಬಾರದು ಅಂದರು, 2022ರಲ್ಲಿ ಅದನ್ನೇ ಕಾಯಂ ಮಾಡಿದರು. ಈಗ ಬೆವರೊಂದೇ ಗತಿ. ನಮ್ಮ ಡಿಸೆಂಬರ್ ಚಳಿಗೆ ಬೆಳಿಗ್ಗೆ ಬೆವರಾದರೂ ಎಲ್ಲಿ ಬರಬೇಕು?

ಕೊಪ್ಪದ ಆಫ್‌ಸ್ಪಿನ್

ಇಲ್ಲಿವರೆಗೂ ಗಂಡಸರ ಚೆಂಡಿನ ತೂಕ ಮಾತ್ರ ಬಂತು. ನಮ್ಮ ಹೆಂಗಸರ ಚೆಂಡು 140ರಿಂದ 151 ಗ್ರಾಂ. ಚಿಕ್ಕ ಕೈಗೆ ಅದು ಸರಿಯಾಗಿ ಕೂರುತ್ತದೆ. ಆದರೆ ನಮ್ಮ ಊರಿನ ಅಂಗಡಿಯಲ್ಲಿ ಕೇಳಿದರೆ ಸಿಗುವುದಿಲ್ಲ. ಹುಡುಗರ ಚೆಂಡಿನಲ್ಲೇ ಕಲಿತು, ಪಂದ್ಯಕ್ಕೆ ಹೋದಾಗ ಹಗುರದ ಚೆಂಡು ಕೈಗೆ ಬಂದರೆ ಫ್ಲೈಟ್ ಎಲ್ಲ ಮೇಲೆ ಹೋಗಿಬಿಡುತ್ತದೆ. ವಿಜಯಪುರದ ರಾಜೇಶ್ವರಿ ಗಾಯಕವಾಡ್, ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ ದೇಶಕ್ಕೆ ಆಡಿದವರು. ಶ್ರೇಯಾಂಕಾ ಪಾಟೀಲ್ 2024ರ ಮಹಿಳಾ ಪ್ರೀಮಿಯರ್ ಲೀಗ್‌ನಲ್ಲಿ (ಡಬ್ಲ್ಯುಪಿಎಲ್) ಅತಿ ಹೆಚ್ಚು ವಿಕೆಟ್ ತೆಗೆದರು. ಇದನ್ನು ನೋಡಿ ಬರುವ ಹುಡುಗಿಯರಿಗೆ ಸರಿಯಾದ ತೂಕದ ಚೆಂಡಾದರೂ ಸಿಗಬೇಕು ಅಲ್ವಾ?

ಹೊಸ ಸಾಮಾನು ಎಲ್ಲ ಬ್ಯಾಟರ್‌ಗೇ ಹೋಯಿತು ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಸ್ಪಿನ್ನರ್‌ಗೆ ಡಿಆರ್‌ಎಸ್, ಅಂದರೆ ಅಂಪೈರ್ ತೀರ್ಪನ್ನು ಕ್ಯಾಮೆರಾದಲ್ಲಿ ಮತ್ತೆ ನೋಡಿಸುವ ವ್ಯವಸ್ಥೆ, ದೊಡ್ಡ ವರ. 2008ರಲ್ಲಿ ಭಾರತ–ಶ್ರೀಲಂಕಾ ಸರಣಿಯಲ್ಲಿ ಮೊದಲು ಪ್ರಯೋಗ ಆಯಿತು. ಅದಕ್ಕೆ ಮುಂಚೆ ಬ್ಯಾಟರ್ ಮುಂದೆ ಕಾಲು ಚಾಚಿ ಪ್ಯಾಡ್‌ನಲ್ಲಿ ತಡೆದರೆ ಅಂಪೈರ್ ಬೆರಳು ಎತ್ತುವುದು ಅಪರೂಪ. ಚೆಂಡು ಸ್ಟಂಪ್‌ಗೆ ಹೋಗುತ್ತಿತ್ತು ಅಂತ ಗೆರೆ ಎಳೆದು ತೋರಿಸಿದ ಮೇಲೆ ಅಂಪೈರ್‌ಗಳೂ ಬದಲಾದರು. ಬ್ಯಾಟರ್ ಈಗ ಪ್ಯಾಡ್ ಮುಂದಿಡಲು ಹೆದರಿ ಬ್ಯಾಟ್ ಇಡುತ್ತಾರೆ. ಅಲ್ಲೇ ಶಾರ್ಟ್ ಲೆಗ್‌ಗೆ ಕ್ಯಾಚ್. ಪ್ರಸನ್ನ 49 ಟೆಸ್ಟ್‌ನಲ್ಲಿ 189 ವಿಕೆಟ್ ತೆಗೆದವರು. ಡಿಆರ್‌ಎಸ್ ಇದ್ದಿದ್ದರೆ ಎಷ್ಟಾಗುತ್ತಿತ್ತೋ!

ಇನ್ನೊಂದು, ಫೋನ್. ನನ್ನ ತಮ್ಮ ಅಂಪೈರ್ ಜಾಗದಲ್ಲಿ ನಿಂತು ಸ್ಲೋ ಮೋಷನ್‌ನಲ್ಲಿ ತೆಗೆಯುತ್ತಾನೆ. ತೋರುಬೆರಳು ಹೊಲಿಗೆಯನ್ನು ಎಳೆಯುವುದು, ಚೆಂಡು ಕೈಬಿಟ್ಟ ಮೇಲೆ ಹೊಲಿಗೆ ನಡುಗುವುದು, ಮುಂಗಾಲು ಇಳಿದಾಗ ಹಿಮ್ಮಡಿ ಗೆರೆಯ ಹಿಂದಿದೆಯೋ ಇಲ್ಲವೋ, ಎಲ್ಲ ಕಾಣುತ್ತದೆ. ನನ್ನ ಎಡಗೈ ಬೇಗ ಕೆಳಗೆ ಬೀಳುತ್ತಿದೆ ಅಂತ ಯಾವ ಕೋಚೂ ಹೇಳಿರಲಿಲ್ಲ, ಫೋನ್ ತೋರಿಸಿತು. ಬೆಂಗಳೂರಿಗೆ ಹೋಗಲಾಗದವರಿಗೆ ಇದು ಚಿಕ್ಕ ವಿಷಯ ಅಲ್ಲ.

ನೆಟ್ಸ್ ಕಾಕಾ (ಶಿವಮೊಗ್ಗ)

ಮಕ್ಕಳಿಗೆ ಕಲಿಸುವವನಾಗಿ ಬರೆಯುತ್ತಿದ್ದೇನೆ. ಫೋನ್ ವಿಡಿಯೋ ಒಳ್ಳೆಯದು, ಆದರೆ ದಿನಾ ನೋಡುತ್ತ ಕೂತರೆ ಸಹಜವಾದ ಆಕ್ಷನ್ ಹಾಳಾಗುತ್ತದೆ. ವಾರಕ್ಕೆ ಒಮ್ಮೆ ಸಾಕು.

ಬೌಲಿಂಗ್ ಮೆಷಿನ್ ಮತ್ತು ಸೈಡ್ ಆರ್ಮ್ ಬಗ್ಗೆ ಯಾರೂ ಬರೆದಿಲ್ಲ. ಸೈಡ್ ಆರ್ಮ್ ಅಂದರೆ ಉದ್ದ ಹಿಡಿಯ ತುದಿಗೆ ಬಟ್ಟಲು ಇರುವ ಸಾಧನ. ಅದರಲ್ಲಿ ಚೆಂಡಿಟ್ಟು ಬೀಸಿದರೆ ಸಾಮಾನ್ಯ ತೋಳಿನಲ್ಲೂ ಭಾರೀ ವೇಗ ಬರುತ್ತದೆ. ಭಾರತ ತಂಡದಲ್ಲಿ ಇದರಿಂದ ವರ್ಷಗಟ್ಟಲೆ ಅಭ್ಯಾಸ ಮಾಡಿಸಿದವರು ನಮ್ಮ ಘಟ್ಟದ ಕೆಳಗಿನ ಕುಮಟಾದ ರಾಘವೇಂದ್ರ. ವೇಗದ ಬೌಲಿಂಗ್ ಆಡುವುದರಲ್ಲಿ ತಂಡ ಸುಧಾರಿಸಿದ್ದಕ್ಕೆ ಕೊಹ್ಲಿ ಈ ರಾಘವೇಂದ್ರ ಅವರಿಗೇ ಶ್ರೇಯ ಕೊಟ್ಟಿದ್ದರು. ಬ್ಯಾಟರ್‌ಗೆ ಇದು ಭಾರೀ ಲಾಭ. ಆದರೆ ನೆಟ್ಸ್‌ನಲ್ಲಿ ದಿನಪೂರ್ತಿ ಸೈಡ್ ಆರ್ಮ್ ನಡೆದರೆ ಹದಿನೈದು ವರ್ಷದ ಬೌಲರ್ ಹುಡುಗ ಪಕ್ಕದಲ್ಲಿ ಚೆಂಡು ಹೆಕ್ಕುತ್ತ ನಿಂತಿರುತ್ತಾನೆ. ಇದನ್ನು ನಾನು ಕಣ್ಣಾರೆ ನೋಡುತ್ತಿದ್ದೇನೆ, ಹೊಟ್ಟೆ ಉರಿಯುತ್ತದೆ.

ಶೂ ವಿಷಯಕ್ಕೆ ಬರುತ್ತೇನೆ. ವೇಗದ ಬೌಲರ್ ಮುಂಗಾಲು ಇಳಿಸಿದಾಗ ದೇಹದ ತೂಕದ ಹಲವು ಪಟ್ಟು ಭಾರ ಆ ಒಂದೇ ಕಾಲಿಗೆ ಬೀಳುತ್ತದೆ. ಈಗಿನ ಬೌಲಿಂಗ್ ಶೂನಲ್ಲಿ ಹಿಮ್ಮಡಿಗೆ ಗಟ್ಟಿ ಆಸರೆ ಇರುತ್ತದೆ, ಕಣಕಾಲಿಗೆ ಹಿಡಿತ ಇರುತ್ತದೆ. ಬೆಲೆ ಜಾಸ್ತಿ, ಒಪ್ಪುತ್ತೇನೆ. ಆದರೆ ತಂದೆತಾಯಿ ಬ್ಯಾಟಿಗೆ ಹತ್ತಾರು ಸಾವಿರ ಕೊಟ್ಟು, ಬೌಲರ್ ಮಗನಿಗೆ ಓಟದ ಶೂ ಕೊಡಿಸುತ್ತಾರೆ. ಅವನು ಸಿಮೆಂಟ್ ಪಿಚ್ ಮೇಲೆ ದಿನಾ ಹಾಕುತ್ತಾನೆ. ಆಮೇಲೆ ಸೊಂಟನೋವು ಅಂತ ಬರುತ್ತಾನೆ. ಬೆಳೆಯುವ ವಯಸ್ಸಿನಲ್ಲಿ ಬೆನ್ನಿನ ಕೆಳಗಿನ ಮೂಳೆಯಲ್ಲಿ ಬಿರುಕು ಬಿಡುವುದು ವೇಗದವರ ದೊಡ್ಡ ಕಾಯಿಲೆ. ಎಲ್ಲ ಸೌಕರ್ಯ ಇರುವ ಬುಮ್ರಾ ಅವರಂಥವರೇ ಬೆನ್ನುನೋವಿನಿಂದ 2022ರ ಟಿ20 ವಿಶ್ವಕಪ್ ಆಡಲಾಗಲಿಲ್ಲ. ದಯವಿಟ್ಟು ಸಿಮೆಂಟ್ ಮೇಲೆ ಪೂರ್ತಿ ವೇಗದಲ್ಲಿ ಹಾಕಿಸಬೇಡಿ. ಮ್ಯಾಟ್ ಹಾಸಿ, ಓಡುವ ಜಾಗ ಮಣ್ಣಿನದಿರಲಿ.

ಹೊನಲು ಬೆಳಕು (ಹೊಸನಗರ)

ಕಾಕಾ, ಮೊಣಕೈ ಬಗ್ಗೆ ಹೇಳಿ. ನಮ್ಮ ಟೂರ್ನಿಗಳಲ್ಲಿ ಅರ್ಧ ಜನರ ಮೇಲೆ ತ್ರೋ (ಮೊಣಕೈ ಮಡಚಿ ಬಿಚ್ಚಿ ಎಸೆಯುವುದು) ಅನ್ನುವ ಆರೋಪ. ಕಣ್ಣಲ್ಲಿ ನೋಡಿ ತೀರ್ಮಾನಿಸುತ್ತಾರೆ, ಜಗಳ ಆಗುತ್ತದೆ.

ನೆಟ್ಸ್ ಕಾಕಾ (ಶಿವಮೊಗ್ಗ)

ಕಣ್ಣಿಗೆ ಅದು ಪೂರ್ತಿ ಸಿಗುವುದಿಲ್ಲ. ಮೊಣಕೈ ಬಿಚ್ಚಿಕೊಳ್ಳುವುದಕ್ಕೆ ಮಿತಿ ಮೊದಲು ಸ್ಪಿನ್ನರ್‌ಗೆ 5 ಡಿಗ್ರಿ, ಮಧ್ಯಮ ವೇಗಕ್ಕೆ 7.5, ವೇಗದವರಿಗೆ 10 ಅಂತ ಇತ್ತು. ಕ್ಯಾಮೆರಾ ಇಟ್ಟು ಅಳೆದಾಗ, ನೆಟ್ಟಗೆ ಕಾಣುವವರ ಕೈಯೂ ಸ್ವಲ್ಪ ಬಿಚ್ಚಿಕೊಳ್ಳುತ್ತದೆ ಅಂತ ಗೊತ್ತಾಯಿತು. 2005ರಿಂದ ಎಲ್ಲರಿಗೂ 15 ಡಿಗ್ರಿ ಮಿತಿ. ಬಾಗಿದ ಕೈ ತಪ್ಪಲ್ಲ, ಕೈ ಭುಜದ ಮಟ್ಟಕ್ಕೆ ಬಂದಾಗಿನಿಂದ ಚೆಂಡು ಬಿಡುವವರೆಗೆ ಎಷ್ಟು ನೆಟ್ಟಗಾಗುತ್ತದೆ ಅನ್ನುವುದು ಲೆಕ್ಕ. ನಿಮ್ಮ ಟೂರ್ನಿಯಲ್ಲಿ ಲ್ಯಾಬ್ ಇಲ್ಲ. ಪಕ್ಕದಿಂದ ಒಂದು ಫೋನ್, ಹಿಂದಿನಿಂದ ಒಂದು ಫೋನ್ ಇಟ್ಟು ತೆಗೆದರೆ ಢಾಳಾಗಿ ಎಸೆಯುವವರಾದರೂ ಸಿಕ್ಕಿಬೀಳುತ್ತಾರೆ.

ಪೇಪರ್‌ಟೌನ್ ಹಿರಿಯ (ಭದ್ರಾವತಿ)

ಒಂದು ಮಾತು ಹೇಳಲೇಬೇಕು. ಚಂದ್ರಶೇಖರ್ ಅವರ ಬಲಗೈಗೆ ಚಿಕ್ಕಂದಿನಲ್ಲೇ ಪೋಲಿಯೊ ಬಡಿದಿತ್ತು. ಆ ಸಣಕಲು ಕೈಯಿಂದಲೇ ಮಧ್ಯಮ ವೇಗದಲ್ಲಿ ಗೂಗ್ಲಿ (ಉಲ್ಟಾ ತಿರುಗುವ ಲೆಗ್‌ಸ್ಪಿನ್) ಹಾಕುತ್ತಿದ್ದರು. 1971ರಲ್ಲಿ ಓವಲ್‌ನಲ್ಲಿ 38 ರನ್‌ಗೆ 6 ವಿಕೆಟ್, ಇಂಗ್ಲೆಂಡಿನಲ್ಲಿ ನಮ್ಮ ಮೊದಲ ಟೆಸ್ಟ್ ಗೆಲುವು. ಒಟ್ಟು 242 ವಿಕೆಟ್. ಈಗಿನ ಕಾಲದಲ್ಲಿ ಅಂಥ ಹುಡುಗ ಅಕಾಡೆಮಿಗೆ ಬಂದರೆ ಮೊದಲ ದಿನವೇ ಕೈ ನೋಡಿ, ಅಳತೆ ತೆಗೆದು, ಬೇರೆ ಆಟ ನೋಡಿಕೋ ಅನ್ನುತ್ತಾರೇನೋ ಅನ್ನುವ ಆತಂಕ ನನಗಿದೆ. ಅಳತೆ ಮಾಡುವ ಸಾಮಾನು ಎಷ್ಟು ಬೇಕಾದರೂ ಬರಲಿ. ಮೊದಲು ಹುಡುಗನ ಕೈಗೆ ಚೆಂಡು ಕೊಟ್ಟು ಒಂದು ಸೀಸನ್ ಹಾಕಲು ಬಿಡಿ.

ನವುಲೆ ಎಂಡ್ (ಶಿವಮೊಗ್ಗ)

ಹಿರಿಯರ ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಡಿಆರ್‌ಎಸ್ ಬಗ್ಗೆ ಕೊಪ್ಪದವರು ಹೇಳಿದ್ದೂ ಸರಿ, ಸ್ಪಿನ್ನರ್‌ಗೆ ಲಾಭ ಆಗಿದೆ. ಆದರೆ ಸ್ಪೀಡ್ ಗನ್, ಚೆಂಡಿನ ದಾರಿ ತೋರಿಸುವ ಹಾಕ್ ಐ, ಡಿಆರ್‌ಎಸ್ ಎಲ್ಲ ಕೆಲಸ ಶುರು ಮಾಡುವುದು ಚೆಂಡು ಕೈಬಿಟ್ಟ ಮೇಲೆ. 2003ರ ವಿಶ್ವಕಪ್‌ನಲ್ಲಿ ಶೋಯೆಬ್ ಅಖ್ತರ್ ಗಂಟೆಗೆ 161.3 ಕಿಲೋಮೀಟರ್ ವೇಗ ಮುಟ್ಟಿದ್ದನ್ನು ಗನ್ ಅಳೆಯಿತು, ಅಷ್ಟೇ. ಆ ವೇಗ ಎಲ್ಲೋ ಒಂದು ಮೈದಾನದಲ್ಲಿ ಚೆಂಡು ಹಾಕಿ ಹಾಕಿ ಬಂದಿದ್ದು. ನವುಲೆಯಲ್ಲಿ ರಣಜಿ ಪಂದ್ಯ ನಡೆಯುವ ಟರ್ಫ್ ಇದೆ, ನಮಗೆ ಹೆಮ್ಮೆ. ಆದರೆ ಸೊರಬ, ಹೊಸನಗರ, ತೀರ್ಥಹಳ್ಳಿಯ ಹುಡುಗ ಅಲ್ಲಿಗೆ ದಿನಾ ಬರಲು ಸಾಧ್ಯವಾ? ಪ್ರತಿ ತಾಲೂಕಿನಲ್ಲಿ ಒಂದು ಮ್ಯಾಟ್ ಪಿಚ್, ಒಂದು ಪೆಟ್ಟಿಗೆ ಲೆದರ್ ಬಾಲ್, ಇಷ್ಟಿದ್ದರೆ ಸಾಕು. ಟರ್ಫ್ ಮಾಡಲು ಜೇಡಿಮಣ್ಣು, ನೀರು, ಆಳು ಎಲ್ಲ ಬೇಕು, ಜೂನ್‌ನಿಂದ ಸೆಪ್ಟೆಂಬರ್ ಮಳೆಗೆ ಅದನ್ನು ಕಾಯುವುದೂ ಕಷ್ಟ. ಮ್ಯಾಟ್ ಆದರೆ ಸುತ್ತಿ ಒಳಗಿಡಬಹುದು.

ಸಾಗರ ಸೀಮರ್

ಇದನ್ನು ಸುಮ್ನೆ ಚರ್ಚೆಯಾಗಿ ಬಿಡುವುದು ಬೇಡ. ನಮ್ಮ ಊರಿನ ಶಾಲೆ ಮೈದಾನದಲ್ಲಿ ಜಾಗ ಕೊಡಲು ಒಪ್ಪಿದ್ದಾರೆ. ಜಂಬಿಟ್ಟಿಗೆ ಮಣ್ಣು, ಸಣ್ಣ ಕಲ್ಲು ಜಾಸ್ತಿ. ಅಲ್ಲಿ ಮ್ಯಾಟ್ ಹಾಸಬಹುದಾ? ಹಿರಿಯರು ಹೇಳಬೇಕು.

ಪೇಪರ್‌ಟೌನ್ ಹಿರಿಯ (ಭದ್ರಾವತಿ)

ಖಂಡಿತ ಹಾಸಬಹುದು, ಆದರೆ ಕಲ್ಲು ಇರಬಾರದು. ಪಿಚ್‌ನ ಜಾಗವನ್ನು ಅರ್ಧ ಅಡಿ ಅಗೆದು, ಮಣ್ಣನ್ನು ಜರಡಿ ಹಿಡಿದು ಮತ್ತೆ ತುಂಬಿ. ಒಂದು ಕಲ್ಲು ಉಳಿದರೂ ಚೆಂಡು ಅಲ್ಲಿ ಬಿದ್ದು ಮುಖಕ್ಕೆ ಏಳುತ್ತದೆ. ನಡುವೆ ಒಂದಿಷ್ಟು ಎತ್ತರ, ಎರಡೂ ಬದಿಗೆ ಅತಿ ಸಣ್ಣ ಇಳಿಜಾರು ಇರಲಿ, ನೀರು ನಿಲ್ಲಬಾರದು. ಪದರ ಪದರವಾಗಿ ನೀರು ಹಾಕಿ ರೋಲ್ ಮಾಡಿ. ಮ್ಯಾಟ್ 66 ಅಡಿ ಉದ್ದ, 8 ಅಡಿ ಅಗಲದ್ದು ತಗೊಳ್ಳಿ, ಅಂಚಿಗೆ ಕ್ಯಾನ್ವಾಸ್ ಪಟ್ಟಿ ಹೊಲಿದಿರಬೇಕು, ಇಲ್ಲಾಂದ್ರೆ ಮೊಳೆ ಹೊಡೆದ ಕಡೆ ಬಿಚ್ಚಿಕೊಳ್ಳುತ್ತದೆ. ಆಟ ಮುಗಿದ ದಿನವೇ ಸುತ್ತಿಡಿ, ಒದ್ದೆ ಇದ್ದರೆ ಬಿಸಿಲಿಗೆ ಹಾಕಿ ಆಮೇಲೆ ಸುತ್ತಿ. ನಮ್ಮ ಮಳೆಗೆ ನಾರು ಬೇಗ ಬೂಷ್ಟು ಹಿಡಿಯುತ್ತದೆ.

ಕೈರೋಲರ್ ನಮ್ಮ ಹಳೇ ಕ್ಲಬ್ಬಿನದು ಒಂದಿದೆ, ಬೇರಿಂಗ್ ಬದಲಿಸಿದರೆ ಓಡುತ್ತದೆ. ಸಾಗರಕ್ಕೆ ತರಲು ಗಾಡಿ ನೀವು ನೋಡಿ. ದೀಪಾವಳಿ ಕಳೆದ ಮೇಲೆ ಬರುತ್ತೇನೆ, ಅಷ್ಟರೊಳಗೆ ಅಗೆತ ಮುಗಿಸಿಡಿ.

ಕೊಪ್ಪದ ಆಫ್‌ಸ್ಪಿನ್

ಬಾಲ್ ಪೆಟ್ಟಿಗೆ ತರಿಸುವಾಗ ಹುಡುಗಿಯರ ತೂಕದ್ದೂ ಆರು ಸೇರಿಸಿ. ಅದರ ದುಡ್ಡು ನಾನು ಕೊಡುತ್ತೇನೆ.